ಗೇರಿಲ್ಲದ ಗಾಡಿಯ ಗೇರ್ ಆಯಿಲ್

ನಮ್ಮೂರು ಲಕ್ಕಲಕಟ್ಟಿಯಲ್ಲಿ ಟ್ರ್ಯಾಕ್ಟರಿಗಾಗಲಿ ಬೈಕಿಗಾಗಲಿ ಎಂಜಿನ್ ಆಯಿಲ್ ಬದಲಿಸುವುದನ್ನು ಯಾರೂ ಮರೆಯುವುದಿಲ್ಲ. ಸ್ಕೂಟಿಯ ಗೇರ್ ಆಯಿಲ್ ಮಾತ್ರ ಯಾರ ಲೆಕ್ಕಕ್ಕೂ ಇಲ್ಲ. ‘ಗೇರ ಇಲ್ಲದ ಗಾಡಿಗಿ ಗೇರ್ ಆಯಿಲ್ ಯಾಕ್ರೀ?’ ಎಂದು ಕಟ್ಟೆಯ ಮೇಲಿನವರು ನಗುತ್ತಾರೆ. ನಗಲಿ. ರವಿವಾರ ಮುಂಜಾನೆ ಪಾನಾ ಹಿಡಿದು ಆ ಕೆಲಸಕ್ಕೆ ಕುಳಿತರೆ ನನಗೆ ನಾಷ್ಟಾದ ನೆನಪೂ ಆಗುವುದಿಲ್ಲ.

ಕಟ್ಟೆಯವರಿಗೆ ನನ್ನ ಉತ್ತರ ಇದು: ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸಿಗೆ ಕೆಂಪು ಎಣ್ಣೆ ಲೀಟರುಗಟ್ಟಲೆ ಬೇಕು. ಎಂಜಿನ್ನಿನ ಶಕ್ತಿ ಸಾಗಿಸುವುದು, ಕ್ಲಚ್ಚು ಒತ್ತುವುದು, ಕಾವು ಹೊರುವುದು ಎಲ್ಲ ಅದರದೇ ಪಾಳಿ. ಸ್ಕೂಟರಿನದು ಬಡವರ ಆಟೋಮ್ಯಾಟಿಕ್: ಎರಡು ಪುಲ್ಲಿ, ನಡುವೆ ಒಂದು ಬೆಲ್ಟು. ವೇಗ ಏರಿದಂತೆ ಮುಂದಿನ ಪುಲ್ಲಿಯ ರೋಲರುಗಳು ಹೊರಕ್ಕೆ ಸರಿದು ಬೆಲ್ಟನ್ನು ಮೇಲೆತ್ತುತ್ತವೆ. ಹಾಲೆಂಡಿನ ಡಾಫ್ ಕಂಪನಿ 1958ರಲ್ಲಿ ತನ್ನ ಪುಟ್ಟ ಕಾರಿಗೆ ಕೂಡಿಸಿದ್ದ ಈ ಉಪಾಯ, 1984ರಲ್ಲಿ ಕೈನೆಟಿಕ್ ಹೋಂಡಾ ಹೆಸರಲ್ಲಿ ನಮ್ಮ ರಸ್ತೆಗಿಳಿಯಿತು. ಬೆಲ್ಟಿಗೆ ಎಣ್ಣೆ ಸೋಕಿದರೆ ಕೆಟ್ಟಿತು. ಆದರೆ ಹಿಂದಿನ ಗಾಲಿಯ ಮಗ್ಗುಲಿಗೆ ಸಣ್ಣ ಪೆಟ್ಟಿಗೆಯೊಂದಿದೆ. ಅದರೊಳಗಿನ ಹಲ್ಲುಗಾಲಿಗಳಿಗೆ ಎಣ್ಣೆಯೇ ಜೀವ. ಎಷ್ಟು ಬೇಕು? 110 ಸಿಸಿ ಗಾಡಿಗೆ ಸುಮಾರು 120 ಮಿಲಿಲೀಟರ್, ಒಂದು ಕಪ್ ಚಹಾದಷ್ಟು.

ಆಷಾಢದಲ್ಲಿ ಈ ಕೆಲಸ ಬೇಡ. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಗರಗರ ತಿರುಗಿಸುವ ಗಾಳಿ, ತೆರೆದಿಟ್ಟ ತೂತಿಗೆ ಮಣ್ಣು ತುಂಬದೆ ಬಿಡುವುದಿಲ್ಲ. ಗಾಳಿ ನಿಂತ ದಿನ ಒಂದು ಸುತ್ತು ಗಾಡಿ ಓಡಿಸಿ ತರಬೇಕು. ಬೆಚ್ಚಗಾದ ಎಣ್ಣೆ ತಳದ ಹೊಲಸನ್ನೂ ಎಳೆದುಕೊಂಡು ಬರುತ್ತದೆ. ನಡುವಿನ ಸ್ಟ್ಯಾಂಡಿಗೆ ಹಾಕಿ, ಮೊದಲು ಆ ಪೆಟ್ಟಿಗೆಯ ಮೇಲಿನ, ಎಣ್ಣೆ ಹಾಕುವ ಬೋಲ್ಟು ಸಡಿಲಿಸಿ. ಅದು ಜಪ್ಪಯ್ಯ ಅಂದರೂ ಅಲುಗದಿದ್ದರೆ, ಎಣ್ಣೆ ಬಸಿಯುವ ಕೆಳಗಿನದನ್ನು ಮುಟ್ಟಲೇಬೇಡಿ. ಎಣ್ಣೆ ಬಸಿದು ಹೋಗಿ ಹೊಸದು ಹಾಕಲು ದಾರಿಯಿಲ್ಲದೆ ಗಾಡಿ ತಳ್ಳಿಕೊಂಡು ಹೋಗಬೇಕಾದೀತು.

ಕೆಳಗಿನ ಬೋಲ್ಟು ಕಳಚಿದ ಗಳಿಗೆಯೇ ನನಗೆ ಇಷ್ಟ. ಮೊದಲು ದಪ್ಪ ಧಾರೆ, ಆಮೇಲೆ ನೂಲಿನೆಳೆ, ಕೊನೆಗೆ ತಟಕು ತಟಕು ಹನಿ. ಎಂಜಿನ್ ಬಂದ್ ಇಟ್ಟು ಗಾಲಿಯನ್ನು ಕೈಯಿಂದ ತಿರುವಿದರೆ ಇನ್ನಷ್ಟು ಇಳಿಯುತ್ತದೆ. ಒಂದು ಹನಿಯನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತೇನೆ. ಬೂದಿಯಂಥ ನಯವಾದ ಹೊಳಪಿದ್ದರೆ ಚಿಂತೆಯಿಲ್ಲ, ಸವೆಯುವ ಕಬ್ಬಿಣ ಸವೆದಿದೆ. ಚೂರು ಚುಚ್ಚಿದರೆ ಹಲ್ಲು ಮುರಿದಿರಬಹುದು. ಎಣ್ಣೆ ಬೆಳ್ಳಗಾಗಿದ್ದರೆ ಮಳೆಗಾಲದಲ್ಲಿ ಹಳ್ಳ ದಾಟುವಾಗ ನೀರು ಹೊಕ್ಕಿದೆ. ಮುಂದೆ ಹೊಸ ವಾಷರು, ಹದವಾದ ಬಿಗಿ. ಅಲ್ಯೂಮಿನಿಯಂ ಮೈಗೆ ಪೈಲ್ವಾನನ ಕೈ ಆಗಿಬರುವುದಿಲ್ಲ. ಸೂಜಿ ತೆಗೆದ ಸಿರಿಂಜಿನಲ್ಲಿ ಹೊಸ ಎಣ್ಣೆ ಏರಿಸಿದರೆ ಮುಗಿಯಿತು. ಯಾವ ಗ್ರೇಡು ಎಂಬುದಕ್ಕೆ ಗಾಡಿಯ ಪುಸ್ತಕ ನೋಡಿ, ಅಂಗಡಿಯವನನ್ನು ಕೇಳಬೇಡಿ.

ಬಸಿದ ಎಣ್ಣೆಯನ್ನು ಹಿತ್ತಲಿಗೆ, ಹಳ್ಳಕ್ಕೆ ಚೆಲ್ಲಬೇಡಿ. ಬಾಟಲಿಗೆ ತುಂಬಿ ಗ್ಯಾರೇಜಿನ ಡ್ರಮ್ಮಿಗೆ ಸುರಿದು ಬನ್ನಿ. ಕೈ ಹೊಲಸು ಮಾಡಿಕೊಳ್ಳಲು ಮನಸ್ಸಿಲ್ಲದವರು ಮುಂದಿನ ಸರ್ವಿಸಿಂಗಿನಲ್ಲಿ ಮೆಕ್ಯಾನಿಕನನ್ನು ಇಷ್ಟಾದರೂ ಕೇಳಿ: ‘ಗೇರ್ ಆಯಿಲ್ ಬದಲ್ ಮಾಡೀರೇನ್ರೀ?’