ಅಂಗಸೌಷ್ಠವದ ಒಂದು ಪ್ರಶ್ನೆ

ಸ್ತ್ರೀಯರ ಅಂಗರಚನೆಯ ವಿಷಯವನ್ನು ಗೃಹಸ್ಥರು ಓದುವ ಪತ್ರಿಕೆಯಲ್ಲಿ ಎತ್ತುವುದು ಉಚಿತವೇ ಎಂದು ಕೆಲವರು ಹುಬ್ಬುಗಂಟಿಕ್ಕಬಹುದು. ಆದರೆ ಮನೆಯೊಳಗೆ ಆಡಲು ನಾಚುವ ಮಾತನ್ನು ಹೆಣ್ಣುಮಕ್ಕಳು ಜಾಹೀರಾತುಗಳಿಂದ ಕಲಿಯುತ್ತಿರುವರೆಂಬುದು ನಮಗೆ ಈಚೆಗೆ ಅನುಭವದಿಂದಲೇ ತಿಳಿದುಬಂದುದರಿಂದ, ಸಂಕೋಚವನ್ನು ಬದಿಗಿಟ್ಟು ನಾಲ್ಕು ಮಾತು ಬರೆಯುತ್ತೇವೆ.

ನಮ್ಮ ತಂಗಿಯ ಮಗಳು 23 ವರ್ಷದವಳು. ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ಮಾಘಮಾಸದಲ್ಲಿ ನಮ್ಮ ಮನೆಗೆ ಬಂದವಳು, ರಾತ್ರಿ ಊಟವಾದ ಮೇಲೆ ಅಡಿಗೆಮನೆಯ ಬಾಗಿಲನ್ನು ಮುಂದಕ್ಕೆ ಮಾಡಿ, “ದೊಡ್ಡಮ್ಮ, ನನ್ನ ಎದೆ ಎರಡು ಕಡೆಗೂ ದೂರ ಸರಿದಂತಿದೆ. ಎಣ್ಣೆ ಹಚ್ಚಿ ನೋಡಿದ್ದಾಯಿತು. ಇದಕ್ಕೆ ಆಪರೇಷನ್ ಉಂಟಂತೆ. ಎರಡು ವರ್ಷದ ಉಳಿತಾಯವಿದೆ, ಮಾಡಿಸಿಕೊಳ್ಳಲೇ?” ಎಂದಳು. ನಾವು ಗದರಿಸಬೇಕೆಂದು ಬಾಯಿ ತೆರೆದೆವು. ಅಷ್ಟರಲ್ಲಿ ಅವಳು ತಲೆತಗ್ಗಿಸಿ, “ನಾನು ಹೈಸ್ಕೂಲಿನಲ್ಲಿದ್ದಾಗ ದರ್ಜಿಗೆ ಅಳತೆ ಕೊಡುವಾಗ ನೀವೇ ಅಂದಿದ್ದಿರಿ, ಇವಳಿಗೆ ಕುಪ್ಪಸವೇ ಕೂರುವುದಿಲ್ಲ, ಎದೆಯೇ ಒಂದು ತರಹ ಎಂದು” ಎಂದಳು. ನಮಗೆ ಆ ಮಾತಿನ ನೆನಪೇ ಇರಲಿಲ್ಲ. ಆಡಿದವರು ಮರೆತರೂ ಕೇಳಿದವರು ಮರೆಯರಷ್ಟೆ! ಗದರಿಸುವ ಅಧಿಕಾರ ನಮಗಿಲ್ಲವೆಂದು ಆಗ ಮನದಟ್ಟಾಯಿತು.

ಮುಂದಿನ ವಾರ ಅವಳೊಡನೆ ಶಸ್ತ್ರವೈದ್ಯೆಯೊಬ್ಬರಲ್ಲಿಗೆ ಹೋದೆವು. ಅವರಿಂದ ಕೇಳಿದುದರ ಹಾಗೂ ಬಳಿಕ ಓದಿ ತಿಳಿದುದರ ಸಾರಾಂಶವಿದು.

ಸ್ತನಗಳ ನಡುವಣ ಅಂತರವನ್ನು ಗೊತ್ತುಮಾಡುವುದು ಮುಖ್ಯವಾಗಿ ಎದೆಯೆಲುಬಿನ ಅಗಲ, ಪಕ್ಕೆಲುಬುಗಳ ಬಾಗು, ಸ್ತನದ ಬುಡವು ಎದೆಗೂಡಿನ ಮೇಲೆ ಹರಡಿರುವ ರೀತಿ. ಸ್ತನದೊಳಗಿರುವುದು ಹಾಲಿನ ಗ್ರಂಥಿ, ಕೊಬ್ಬು ಮತ್ತು ಅವನ್ನು ಹಿಡಿದಿಡುವ ತಂತುಗಳೇ ಹೊರತು, ಸಾಧನೆಯಿಂದ ಬೆಳೆಸಬಹುದಾದ ಮಾಂಸಖಂಡವಲ್ಲ. ಆ ತಂತುಗಳಿಗೆ ಇಂಗ್ಲಿಷ್ ಶಸ್ತ್ರವೈದ್ಯ ಆಸ್ಟ್ಲಿ ಕೂಪರನ ಹೆಸರಿದೆ. ಅವನ ಗ್ರಂಥವು 1840ರಲ್ಲಿ ಪ್ರಕಟವಾಯಿತು. ಆದುದರಿಂದ ವ್ಯಾಯಾಮವು ಅಡಿಯಲ್ಲಿರುವ ಎದೆಯ ಸ್ನಾಯುವನ್ನು ಬಲಪಡಿಸೀತು, ನಿಲುವನ್ನು ನೆಟ್ಟಗೆ ಮಾಡೀತು; ಅಂತರವನ್ನು ಕಿರಿದುಮಾಡದು. ತೈಲಲೇಪನಗಳಿಂದಲೂ ಎಲುಬು ಸರಿಯದು. ಎರಡೂ ಸ್ತನಗಳು ಒಂದೇ ಅಚ್ಚಿನಲ್ಲಿ ಎರೆದಂತಿರುವ ಸ್ತ್ರೀಯರೇ ವಿರಳ.

ಶಸ್ತ್ರವಿಲ್ಲದ ನಿರಪಾಯವಾದ ಉಪಾಯವೆಂದರೆ ಉಡುಪು. ಪಕ್ಕದಿಂದ ಒಳಕ್ಕೆ ಒತ್ತುಕೊಡುವ, ಅಳತೆಗೆ ಸರಿಯಾದ ಬ್ರಾ ತೊಟ್ಟಿರುವಷ್ಟು ಹೊತ್ತು ಅಂತರವು ಕಡಿಮೆಯಾಗಿ ಕಾಣುವುದು. ಅಮೆರಿಕದಲ್ಲಿ 1914ರಲ್ಲಿ ಇಂತಹ ಉಡುಪಿಗೆ ಪೇಟೆಂಟು ಪಡೆದ ಮೇರಿ ಫೆಲ್ಪ್ಸ್ ಜೇಕಬ್ ಎಂಬಾಕೆ ಮೊದಲು ಅದನ್ನು ಎರಡು ಕರವಸ್ತ್ರಗಳಿಂದಲೂ ರಿಬ್ಬನ್ನಿನಿಂದಲೂ ಹೊಲಿಸಿಕೊಂಡಳಂತೆ.

ಇನ್ನು ಶಸ್ತ್ರಚಿಕಿತ್ಸೆ. 1895ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ವಿನ್ಸೆಂಟ್ಸ್ ಚೆರ್ನಿ ಎಂಬ ವೈದ್ಯನು, ಗಂಟೊಂದನ್ನು ತೆಗೆದುದರಿಂದ ಕುಗ್ಗಿದ ಸ್ತನಕ್ಕೆ ರೋಗಿಯ ದೇಹದಲ್ಲೇ ಇದ್ದ ಕೊಬ್ಬಿನ ಗಡ್ಡೆಯನ್ನು ತುಂಬಿದನು. ಆಮೇಲೆ ಕೆಲವರು ಪ್ಯಾರಫಿನ್ ಮೇಣವನ್ನು ಚುಚ್ಚಿದರು. ಅದು ಒಳಗೆ ಗಂಟುಕಟ್ಟಿ ಹುಣ್ಣಾಗಿ ಅನರ್ಥಕ್ಕೆ ಕಾರಣವಾಯಿತು. 1962ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರ್ಯಾಂಕ್ ಗೆರೋ ಎಂಬವರು ಸಿಲಿಕೋನ್ ಚೀಲವನ್ನು ಮೊದಲ ಬಾರಿಗೆ ಅಳವಡಿಸಿದರು. ಆ ದೇಶದ ಸರಕಾರವು 1992ರಲ್ಲಿ ಅದರ ಬಳಕೆಯನ್ನು ಬಹುಮಟ್ಟಿಗೆ ತಡೆದು, 2006ರಲ್ಲಿ ಮತ್ತೆ ಅನುಮತಿಯಿತ್ತಿತು. ವಿರಳವಾದ ಒಂದು ಬಗೆಯ ಕ್ಯಾನ್ಸರಿನ ಸಂಬಂಧ ಕಂಡುಬಂದುದರಿಂದ, ಒರಟು ಮೈಯ ಚೀಲಗಳಲ್ಲಿ ಒಂದು ಬಗೆಯವನ್ನು 2019ರಲ್ಲಿ ಜಗತ್ತಿನ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು.

ಚೀಲವಿಟ್ಟರೆ ಗಾತ್ರ ಹೆಚ್ಚುವುದು ನಿಜ; ಅಂತರವು ತುಸು ಕಿರಿದಾಗಿ ತೋರುವುದೂ ಉಂಟು. ಆದರೆ ಹತ್ತಿರ ತರಬೇಕೆಂಬ ಆತುರದಿಂದ ಚೀಲದ ಎಡೆಯನ್ನು ನಡುವಿಗೆ ಅತಿಯಾಗಿ ಬಿಡಿಸಿದರೆ ಎರಡೂ ಒಂದಾಗಿ ಕೂಡಿಕೊಂಡು, ಅದನ್ನು ಸರಿಪಡಿಸಲು ಮತ್ತೊಂದು ಶಸ್ತ್ರಕ್ರಿಯೆ ಬೇಕಾಗುವುದು. ಚೀಲದ ಸುತ್ತ ಬೆಳೆದ ಪೊರೆ ಬಿಗಿದು ಗಟ್ಟಿಯಾಗಬಹುದು, ಚೀಲವು ಒಡೆಯಬಹುದು; ಅದು ಜೀವಮಾನವೆಲ್ಲ ಬಾಳುವ ವಸ್ತುವೂ ಅಲ್ಲ. ದೇಹದ ಬೇರೆಡೆಯಿಂದ ಕೊಬ್ಬನ್ನು ತೆಗೆದು ತುಂಬುವ ಕ್ರಮದಲ್ಲಿ ಅದರ ಒಂದು ಪಾಲು ಕರಗಿಹೋಗುವುದರಿಂದ ಪುನಃ ಮಾಡಬೇಕಾಗಿ ಬರುವುದುಂಟು. ಹೀಗೆಂದು ಈ ವಿದ್ಯೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕ್ಯಾನ್ಸರಿನಿಂದ ಸ್ತನವನ್ನು ಕಳೆದುಕೊಂಡವರಿಗೂ, ಎದೆಯ ಒಂದು ಪಾರ್ಶ್ವ ಹುಟ್ಟಿನಿಂದಲೇ ಬೆಳೆಯದವರಿಗೂ ಇದರಿಂದ ಆಗುವ ಉಪಕಾರ ಅಲ್ಪವಲ್ಲ.

ವೈದ್ಯೆಯವರು ಹುಡುಗಿಯನ್ನು ಪರೀಕ್ಷಿಸಿ, ಟೇಪು ಹಿಡಿದು ಅಳೆದು, “ನಿನ್ನ ಎದೆಯೆಲುಬೇ ಅಗಲವಮ್ಮ. ಇದು ರೋಗವಲ್ಲ, ಊನವಲ್ಲ. ಚೀಲವಿಟ್ಟರೆ ದೊಡ್ಡದಾದೀತು, ನೀನು ಚಿತ್ರದಲ್ಲಿ ಕಂಡಂತೆ ಆಗದು. ಇಷ್ಟನ್ನೂ ತಿಳಿದ ಮೇಲೆ ಬೇಕೆಂದರೆ ಬಾ, ಅವಸರವಿಲ್ಲ” ಎಂದರು. ಅವರು ಮಾಡಿಸಿಕೊಳ್ಳೆಂದು ಒತ್ತಾಯಿಸಲಿಲ್ಲ. ಬೇಡವೆಂದು ಉಪದೇಶವನ್ನೂ ಮಾಡಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಬಹಳ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಕೊನೆಗೆ ನಾವೇ, “ಆ ದಿನ ದರ್ಜಿಯ ಮುಂದೆ ಹಾಗೆ ಅಂದದ್ದು ನಮ್ಮ ತಪ್ಪು, ಮಗು” ಎಂದೆವು. ಅವಳು ಕಿಟಕಿಯ ಹೊರಗೆ ನೋಡುತ್ತಲೇ, “ಒಂದು ವರ್ಷ ಬಿಟ್ಟು ಯೋಚಿಸುತ್ತೇನೆ, ದೊಡ್ಡಮ್ಮ” ಎಂದಳು. ಅವಳ ದೇಹ ಅವಳದು, ತೀರ್ಮಾನವೂ ಅವಳದೇ. ಆದರೆ ಅದರ ಬೀಜವು ನಮ್ಮ ನಾಲಿಗೆಯಿಂದ ಬಿದ್ದುದಾಗಬಾರದಿತ್ತು. ಹೆಣ್ಣುಮಕ್ಕಳಿರುವ ಮನೆಯವರೆಲ್ಲ ಇದನ್ನು ಮನಸ್ಸಿನಲ್ಲಿಡಬೇಕೆಂದು ಬೇಡುತ್ತೇವೆ.

ಯುಗಾದಿಗೆ ಅವಳ ಕುಪ್ಪಸವನ್ನು ನಾವೇ ಹೊಲಿಸಿದೆವು. ದರ್ಜಿಯ ಅಂಗಡಿಯಲ್ಲಿ ಅಳತೆಯ ಹೊರತು ಬೇರೊಂದು ಮಾತನ್ನು ಆಡಲಿಲ್ಲ.