ಎದುರಾಳಿ ಬೇಕು

ಐವತ್ತು ದಾಟಿದವನನ್ನು ನಮ್ಮ ಕಡೆ ಕ್ರೀಡಾಕೂಟಕ್ಕೆ ಕರೆಯುವುದು ಶಾಲು ಹೊದೆಸಲಿಕ್ಕೆ. ಮಳೆ ನಿಂತಿತೆಂದರೆ ಭಟ್ಕಳದಿಂದ ಕುಮಟಾವರೆಗೆ ಊರೂರಲ್ಲಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್. ನಮ್ಮ ವಯಸ್ಸಿನವರಿಗೆ ವೇದಿಕೆ ಮೇಲೊಂದು ಪ್ಲಾಸ್ಟಿಕ್ ಕುರ್ಚಿ. ನಾನು ಪವರ್‌ಲಿಫ್ಟಿಂಗ್‌ನಲ್ಲಿ ಇನ್ನೂ ಸ್ಪರ್ಧೆಗಿಳಿಯುತ್ತೇನೆ ಎಂದರೆ, "ಹೌದಾ ಸರ್, ಹುಡುಗರಿಗೆ ನಿಮ್ಮ ಆರೋಗ್ಯದ ಗುಟ್ಟು ಎರಡು ಮಾತಲ್ಲಿ ಹೇಳಿ" ಎಂದು ಮೈಕು ಕೈಗಿಡುತ್ತಾರೆ. ನನ್ನ ಸೊಂಟ, ಮೊಣಕಾಲುಗಳ ಸ್ಥಿತಿ ಗೊತ್ತಿದ್ದರೆ ಹಾಗೆ ಕೇಳುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಹೊನ್ನಾವರದಲ್ಲಿ ಓದುತ್ತಿದ್ದಾಗ ನಮಗಿದ್ದದ್ದು ಒಂದೇ ರಾಡು. ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಅದಕ್ಕೆ ಎಣ್ಣೆ ಸವರಿಡಬೇಕಿತ್ತು. ಪೇಟೆಯಲ್ಲಿ ಆಗ ಸಕ್ಕರೆ ಬರುತ್ತಿದ್ದದ್ದು 100 ಕಿಲೋ ಗೋಣಿಚೀಲದಲ್ಲಿ. ಅದನ್ನು ಬೆನ್ನಿಗೇರಿಸಿ ಹಲಗೆ ಹತ್ತುವ ಹಮಾಲರ ಮುಂದೆ ನಮ್ಮ ಡೆಡ್‌ಲಿಫ್ಟ್ ಒಂದು ತಮಾಷೆ. "ನೆಲದಿಂದ ಎತ್ತಿ ಮತ್ತೆ ಅಲ್ಲೇ ಇಡ್ತ್ರಲ್ಲ, ಕೂಲಿ ಯಾರು ಕೊಡ್ತ್ರು?" ಎಂದು ಒಬ್ಬ ಕೇಳಿದ್ದ. ಉತ್ತರ ಆಗಲೂ ಇರಲಿಲ್ಲ.

ನಾವು ಕರಾವಳಿಯವರಾದರೂ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಹಾಗಾಗಿ ಸ್ಪರ್ಧೆಯೆಂದರೆ ಘಟ್ಟ ಹತ್ತಬೇಕು: ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ, ಹುಬ್ಬಳ್ಳಿ, ಧಾರವಾಡ. ತೂಕ ಇಳಿಸಬೇಕಾದವರಿಗೆ ಅರಬೈಲಿನ ತಿರುವುಗಳಿಂದ ಉಪಕಾರವೇ ಆಗುತ್ತಿತ್ತು. ಹೊಟ್ಟೆಯಲ್ಲಿದ್ದದ್ದು ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ಅಂದಿನ ನನ್ನ ವಿಭಾಗ 67.5 ಕಿಲೋ. 2011ರಿಂದ ಅಂತರರಾಷ್ಟ್ರೀಯ ಫೆಡರೇಷನ್ ವಿಭಾಗಗಳನ್ನು ಬದಲಿಸಿತು, 67.5 ಈಗಿಲ್ಲ. ಗರಡಿಮನೆಯಲ್ಲಿ ಬಸ್ಕಿ ಹೊಡೆದು ತೊಡೆ ಬೆಳೆಸಿಕೊಂಡ ಬಯಲುಸೀಮೆಯ ಹುಡುಗರು ಸ್ಕ್ವಾಟ್‌ನಲ್ಲೇ ನಮ್ಮ ಕಥೆ ಮುಗಿಸುತ್ತಿದ್ದರು. ಆದರೂ ಐದನೆಯ ಸ್ಥಾನಕ್ಕೆ ಅರ್ಥವಿತ್ತು. ಮೇಲೆ ನಾಲ್ವರಿದ್ದರು, ಕೆಳಗೂ ಕೆಲವರಿದ್ದರು.

ಈಗ ದಾರಿಯ ಕಷ್ಟ ತೀರಿದೆ. 1998ರಲ್ಲಿ ಕೊಂಕಣ ರೈಲು ಬಂತು. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಊರುಗಳಲ್ಲಿ ಗೋಡೆತುಂಬ ಕನ್ನಡಿಯ ಜಿಮ್ಮುಗಳಿವೆ. ಲಿಫ್ಟಿಂಗ್‌ನವರಿಗೆಲ್ಲ ಗೊತ್ತಿರುವ ಬಾಲಾಂಜನೇಯ ವ್ಯಾಯಾಮ ಶಾಲೆಯ ಮಂಗಳೂರಿಗೆ ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರಬಹುದು. ಬಿಗಿ ಸೂಟಿಲ್ಲದ ಕ್ಲಾಸಿಕ್ ಸ್ಪರ್ಧೆ ಬಂದು ಖರ್ಚೂ ಇಳಿದಿದೆ. (2018ರ ಕಾಮನ್‌ವೆಲ್ತ್‌ನಲ್ಲಿ ಕುಂದಾಪುರ ಕಡೆಯ ಗುರುರಾಜ ಪೂಜಾರಿ ಬೆಳ್ಳಿ ಗೆದ್ದ ಮೇಲೆ, "ನೀವೂ ಅದೇ ಅಲ್ವಾ?" ಎಂದು ಕೇಳುವವರು ಹೆಚ್ಚಾದರು. ಅಲ್ಲ. ಅವರದು ತಲೆಯ ಮೇಲಕ್ಕೆ ಎತ್ತುವ ವೇಟ್‌ಲಿಫ್ಟಿಂಗ್.)

ಇಲ್ಲದ್ದು ಎದುರಾಳಿ. ಮಾಸ್ಟರ್ಸ್ ಎಂದರೆ 40, 50, 60, 70ರಿಂದ ಶುರುವಾಗುವ ನಾಲ್ಕು ವಯೋಮಿತಿ. ಪುರುಷರಿಗೆ ಎಂಟು ತೂಕದ ವಿಭಾಗ. ಗುಣಿಸಿದರೆ 32 ಚಿನ್ನ. ಹೆಸರು ಕೊಟ್ಟ ಬೆರಳೆಣಿಕೆಯ ಮಂದಿ ಈ 32 ಮನೆಗಳಲ್ಲಿ ಹಂಚಿಹೋದರೆ ಪ್ರತಿಯೊಬ್ಬನೂ ತನ್ನ ಮನೆಗೆ ತಾನೇ ಯಜಮಾನ. ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್ ಮೂರರಲ್ಲೂ ಒಂದೊಂದು ಪ್ರಯತ್ನ ಕೂಡಿಬಂದರೆ ಚಿನ್ನ ಗ್ಯಾರಂಟಿ. ಸಾಲದ್ದಕ್ಕೆ ಬೇರೆ ಬೇರೆ ಸಂಸ್ಥೆಗಳ ಬೇರೆ ಬೇರೆ ಚಾಂಪಿಯನ್‌ಷಿಪ್. ನಮ್ಮ ಊರುಗಳ ಶಂಸುದ್ದೀನ್ ಸರ್ಕಲ್‌ನಲ್ಲೋ ಶರಾವತಿ ಸರ್ಕಲ್‌ನಲ್ಲೋ ಗಿಬ್ ಸರ್ಕಲ್‌ನಲ್ಲೋ ಬ್ಯಾನರ್ ಏಳುತ್ತದೆ. ಎಷ್ಟು ಜನ ಸ್ಪರ್ಧಿಸಿದ್ದರು ಎಂದು ಯಾರೂ ಕೇಳುವುದಿಲ್ಲ, ಗೆದ್ದವನೂ ಹೇಳುವುದಿಲ್ಲ. ಅಂಥ ಪದಕ ನನ್ನಲ್ಲೂ ಇವೆ.

"ನಿಮಗೆ ನೀವೇ ಪ್ರತಿಸ್ಪರ್ಧಿ ಅಂಕಲ್" ಎಂದು ಜಿಮ್ಮಿನ ಹುಡುಗರು ಸಮಾಧಾನ ಹೇಳುತ್ತಾರೆ. ಇಪ್ಪತ್ತೈದರ ಹುಡುಗನಿಗೆ ಅದು ಸರಿ. ನನ್ನ ವಯಸ್ಸಿನಲ್ಲಿ ಹಿಂದಿನ ನಾನು ಇಂದಿನ ನನ್ನನ್ನು ಪ್ರತಿ ಸಲವೂ ಸೋಲಿಸುತ್ತಾನೆ. ಫಲಿತಾಂಶ ಮೊದಲೇ ಗೊತ್ತಿರುವುದಕ್ಕೆ ಸ್ಪರ್ಧೆ ಎನ್ನುವುದು ಹೇಗೆ?

ದಾರಿ ಇದೆ, ಹಳೆಯದೇ. ಎತ್ತಿದ ತೂಕವನ್ನು ವಯಸ್ಸಿಗೆ ತಕ್ಕಂತೆ ಗುಣಿಸುವ ಮೆಕಲಕ್ ವಯೋಗುಣಕದ ಪಟ್ಟಿಯಲ್ಲಿ 50ರವರಿಗೆ 1.130, 60ರವರಿಗೆ 1.340. ದೇಹತೂಕ ಒಂದೇ ಎಂದುಕೊಳ್ಳಿ: 60ರವರು ಒಟ್ಟು 300 ಕಿಲೋ ಎತ್ತಿದರೆ ಅದು 402ಕ್ಕೆ ಸಮ. 50ರವನು ಅವರನ್ನು ಹಿಂದೆ ಹಾಕಬೇಕಾದರೆ 357.5 ಎತ್ತಬೇಕು. ಒಮ್ಮೆ ಮಾಸ್ಟರ್ಸ್‌ನವರನ್ನೆಲ್ಲ ಹೀಗೆ ಒಂದೇ ಪಟ್ಟಿಯಲ್ಲಿ ಹಾಕಿದ್ದರು. ಅರವತ್ತು ದಾಟಿದ ನಿವೃತ್ತರೊಬ್ಬರು, ನನಗಿಂತ ಬಹಳ ಕಡಿಮೆ ತೂಕ ಎತ್ತಿ, ಕೊನೆಯ ಡೆಡ್‌ಲಿಫ್ಟ್‌ನಲ್ಲಿ ನನ್ನನ್ನು ಕೆಳಗಿಳಿಸಿದರು. ಮೂರನೇ ಪ್ರಯತ್ನಕ್ಕೆ ನಾನು ಎಷ್ಟು ಕೇಳಬೇಕಿತ್ತು ಎಂದು ಲೆಕ್ಕ ಹಾಕುತ್ತ ಕೂತವನಿಗೆ ರೈಲು ಭಟ್ಕಳ ದಾಟಿದ್ದು ತಿಳಿಯಲಿಲ್ಲ. ಧಾರವಾಡದ ದಿನಗಳ ಆಮೇಲೆ ಹಾಗೆ ಸೋತದ್ದು ಅದೇ ಮೊದಲು.

ಇನ್ನೊಂದು ಬೇಕಾದದ್ದು ಕಟ್ಟುನಿಟ್ಟಿನ ತೀರ್ಪು. "ಪಾಪ, ವಯಸ್ಸಾದವರು" ಎಂದು ಅರ್ಧ ಬಸ್ಕಿಗೆ ಬಿಳಿ ದೀಪ ಕೊಡುವ ರೆಫ್ರಿಗಳಿದ್ದಾರೆ. ಸ್ಕ್ವಾಟ್‌ನಲ್ಲಿ ಸೊಂಟದ ಮಡಿಕೆ ಮಂಡಿಗಿಂತ ಕೆಳಗಿಳಿಯಬೇಕು. ಇಳಿಯದಿದ್ದರೆ ಕೆಂಪು ದೀಪ. ಎಪ್ಪತ್ತರವರಿಗೂ ನಿಯಮ ಅದೇ.

ಆದ್ದರಿಂದ ಮೂರು ತಾಲೂಕುಗಳ ಸಂಘಟಕರಲ್ಲಿ ಒಂದು ಕೋರಿಕೆ: ವರ್ಷಕ್ಕೊಂದು ದಿನ, ಒಂದು ಹಾಲ್, ಅರ್ಹತೆಯುಳ್ಳ ಮೂವರು ರೆಫ್ರಿಗಳು, 40 ದಾಟಿದವರೆಲ್ಲರಿಗೂ ಒಂದೇ ಪಟ್ಟಿ. 32 ಚಿನ್ನ ಬೇಡ, ಮೂರು ಪದಕ ಸಾಕು. ಮತ್ತೆ, ಮನೆಯ ಹಿಂದೆ ಸಿಮೆಂಟಿನ ತೂಕ ಎತ್ತುತ್ತ ಸುಮ್ಮನಿರುವ ಹಿರಿಯರು ಈ ದಂಡೆಯಲ್ಲಿ ಇದ್ದೇ ಇದ್ದಾರೆ. ನನ್ನದು 74 ಕಿಲೋ ವಿಭಾಗ, ನಿಮ್ಮದು ಬೇರೆಯಾದರೂ ಅಡ್ಡಿಯಿಲ್ಲ. ಹೆಸರು ಕೊಡಿ.