ಸಾರಿನ ಮೇಲಿನ ಎಣ್ಣೆ

ಸಾರಿಗೆ ಇಂಗಿನ ಒಗ್ಗರಣೆ ಬಿದ್ದಾಗ ಎಣ್ಣೆ ಮೇಲೆಯೇ ತೇಲುತ್ತದೆ. ಆದರೂ ತಳದಿಂದ ಸೌಟಿನಲ್ಲಿ ಎತ್ತಿದ ಸಾರೂ ಇಂಗಿನಿಂದ ಘಮ್ಮೆನ್ನುತ್ತದೆ. ಬೆರೆಯಲಿಲ್ಲ ಅನ್ನುವಂತಿಲ್ಲ, ಬೆರೆಯಿತು ಅನ್ನುವಂತೆಯೂ ಇಲ್ಲ. ಆ ನಡುವಿನ ಜಾಗವನ್ನು ಲೆಕ್ಕದಲ್ಲಿ ಹಿಡಿಯುವುದೇ ನನ್ನ ಬಹುಕಾಲದ ಹುಚ್ಚು.

ನನ್ನ ಪಾಲಿನ ಸಾರು ಟ್ರೈಎಥಿಲೀನ್ ಗ್ಲೈಕಾಲ್. ಪ್ಲಾಂಟಿನವರ ಬಾಯಲ್ಲಿ ಟಿಇಜಿ. ಬಾವಿಯಿಂದ ಬರುವ ನೈಸರ್ಗಿಕ ಅನಿಲದಲ್ಲಿ ನೀರಾವಿ ಇರುತ್ತದೆ. ಹಾಗೇ ಬಿಟ್ಟರೆ ಒತ್ತಡದ ಪೈಪಿನೊಳಗೆ ಮೀಥೇನಿನೊಡನೆ ಸೇರಿ ಮಂಜುಗಡ್ಡೆಯಂಥ ಹೈಡ್ರೇಟ್ ಕಟ್ಟುತ್ತದೆ. ಅದಕ್ಕೇ ಗೋಪುರದಲ್ಲಿ ಅನಿಲವನ್ನು ಕೆಳಗಿಂದ ಏರಿಸಿ, ಗ್ಲೈಕಾಲನ್ನು ಮೇಲಿಂದ ಇಳಿಬಿಡುತ್ತಾರೆ. ಕಿಲೋ ನೀರು ತೆಗೆಯಲು ಸುಮಾರು 25 ಲೀಟರ್ ಗ್ಲೈಕಾಲ್ ಸುತ್ತಬೇಕು. ನೀರು ಕುಡಿದ ಗ್ಲೈಕಾಲನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ನೀರು ಹಬೆಯಾಗಿ ಬಿಟ್ಟುಹೋಗುತ್ತದೆ.

ಹೋಗುವುದು ನೀರೊಂದೇ ಆಗಿದ್ದರೆ ನನಗೆ ಈ ಹುಚ್ಚು ಹಿಡಿಯುತ್ತಿರಲಿಲ್ಲ. ಮೀಥೇನ್ ಗ್ಲೈಕಾಲಿನಲ್ಲಿ ಕರಗುವುದು ಕಡಿಮೆ. ಬೆಂಜೀನ್, ಟಾಲ್ಯೂಯೀನ್, ಕ್ಸೈಲೀನ್‌ಗಳ ಕಥೆ ಬೇರೆ. ಬೆಂಜೀನ್ ಉಂಗುರದ ಎಲೆಕ್ಟ್ರಾನ್ ಮೋಡದತ್ತ ಗ್ಲೈಕಾಲಿನ ಹೈಡ್ರಾಕ್ಸಿಲ್ ತುದಿ ವಾಲುತ್ತದೆ. ಅಷ್ಟೇ ಇಂಗಾಲವಿರುವ ಹೆಕ್ಸೇನಿಗೆ ಆ ಆಸರೆ ಇಲ್ಲ. ಕಾಯಿಸುವಾಗ ಬೆಂಜೀನೂ ಹಬೆಯ ಜೊತೆ ಹೊರಬೀಳುತ್ತದೆ. ಅದು ಕ್ಯಾನ್ಸರ್ ತರುವ ವಸ್ತು. ಎಷ್ಟು ಕರಗೀತು ಎಂಬ ನನ್ನ ಅಂಕಿ, ಚಿಮಣಿಯ ಪಕ್ಕ ಪಾಳಿ ಮಾಡುವವನ ಉಸಿರಿಗೆ ಸಂಬಂಧಿಸಿದ್ದು.

1976ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಪೆಂಗ್ ಮತ್ತು ರಾಬಿನ್ಸನ್ ಕೊಟ್ಟ ಸಮೀಕರಣವೇ ಈ ಲೆಕ್ಕಕ್ಕೆ ನನ್ನ ಹಳೆಯ ಪಾತ್ರೆ. ಅದರಲ್ಲಿ ಪ್ರತಿ ಜೋಡಿ ಅಣುವಿಗೂ ಕೆ-ಐ-ಜೆ ಎಂಬ ಪುಟ್ಟ ಸಂಖ್ಯೆ. ಹೊಂದಿಸಿಕೊಳ್ಳಲು ಇಟ್ಟ ಅಂಕಿ ಎಂದು ಹಲವರಿಗೆ ಅದು ಸದರ. ನನಗೋ, ಆ ಎರಡು ಅಣುಗಳ ಒಲವು-ಮುನಿಸು ಪೂರ್ತಿ ಅದರಲ್ಲಿದೆ. ದಶಮಾಂಶದ ಮೂರನೆಯ ಸ್ಥಾನದಲ್ಲಿ ಒಂದನ್ನು ಕೂಡಿಸಿ ಕಳೆಯುತ್ತಾ, ಲೆಕ್ಕದ ಗೆರೆ ಮೆಲ್ಲಗೆ ಬಾಗಿ ಅಳತೆಯ ಬಿಂದುಗಳ ಮೈಸವರಿ ಹೋಗುವುದನ್ನು ನೋಡುವ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಗ್ಲೈಕಾಲಿಗೆ ಸ್ವಲ್ಪ ನೀರು ಸೇರಿಸಿ ನೋಡಿ, ಅದೇ ಗೆರೆ ದಾರಿ ತಪ್ಪುತ್ತದೆ. ಹೈಡ್ರಾಕ್ಸಿಲ್‌ಗಳು ನೀರಿನ ಕೈ ಹಿಡಿದು ಹೈಡ್ರೋಕಾರ್ಬನ್ನನ್ನು ಆಚೆ ತಳ್ಳುತ್ತವೆ. ಹಳೆಯ ಸಮೀಕರಣಕ್ಕೆ ಹೈಡ್ರೋಜನ್ ಬಂಧವೇ ಗೊತ್ತಿಲ್ಲ. ಆ ಬಂಧವನ್ನು ಬೇರೆಯಾಗಿ ಲೆಕ್ಕಹಾಕುವ ಸಿಪಿಎ ಸಮೀಕರಣ 1996ರಲ್ಲಿ ಬಂತು. ಈಗ ಭಾನುವಾರಗಳೆಲ್ಲ ಅದರ ಜೊತೆಗೇ.

ನಿನ್ನೆ ಟಾಲ್ಯೂಯೀನಿನ ಗೆರೆ ನಾಲ್ಕು ಬಿಂದುಗಳ ಮೇಲೆ ಹಾದು, ಐದನೆಯದರ ಮಗ್ಗುಲಿಂದ ಜಾರಿತು. ಅಳೆದವರ ತಪ್ಪೆಂದು ಅದನ್ನು ಬಿಟ್ಟುಬಿಡಲು ಮನಸ್ಸಿಲ್ಲ. ಊಟ ಮುಗಿಸಿ ಮತ್ತೆ ಅದರ ಮುಂದೆಯೇ ಕೂರುತ್ತೇನೆ.